ವೇದವಲ್ಲಿಯ ಗಂಟಲು

ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ ಒಂಬತ್ತು ಮಹಡಿಯ ಕಟ್ಟಡವನ್ನು ಖಾಲಿ ಮಾಡಿಸಬಲ್ಲದು ಎಂದರೆ ನೀವು ನಗಬಹುದು. ನಗಿ, ತೊಂದರೆಯಿಲ್ಲ. ಟೋಕಿಯೋದ ಎಡೋಗಾವಾ ಬಡಾವಣೆಯ ಆ ಕಟ್ಟಡದವರು ಮಾತ್ರ ನಗುವುದಿಲ್ಲ. ಅವತ್ತು ಮಧ್ಯಾಹ್ನ ಅವರೆಲ್ಲ ಮೀಟಿಂಗನ್ನು ಅರ್ಧಕ್ಕೇ ಬಿಟ್ಟು, ತಲೆಗೆ ಹೆಲ್ಮೆಟ್ ಏರಿಸಿ, ಕೆಮ್ಮುತ್ತ ಮೆಟ್ಟಿಲಿಳಿದು ರಸ್ತೆಯಲ್ಲಿ ಸಾಲಾಗಿ ನಿಂತಿದ್ದರು. ಆರನೇ ಮಹಡಿಯ ಪ್ಯಾಂಟ್ರಿಯಲ್ಲಿ ವೇದವಲ್ಲಿ ಒಬ್ಬಳೇ ಬಾಣಲೆಗೆ ತಟ್ಟೆ ಮುಚ್ಚಿ, ಚಾವಣಿಯಲ್ಲಿ ಬಡಿದುಕೊಳ್ಳುತ್ತಿದ್ದ ಅಲಾರಂಗೆ, "ಅಯ್ಯೋ ಸುಮ್ನಿರಪ್ಪಾ, ಬರೀ ಚಿತ್ರಾನ್ನದ ಒಗ್ಗರಣೆ!" ಎಂದು ಕೈ ಮುಗಿಯುತ್ತಿದ್ದಳು.

ಮಾರನೆಯ ದಿನ ಕಟ್ಟಡದ ಉಸ್ತುವಾರಿ ಕುರೋದಾ-ಸಾನ್, ಅಂದರೆ ಕುರೋದಾ ಅವರು, ಬಂದರು. ತೆಳ್ಳಗಿನ ಮೈ, ಅದಕ್ಕಿಂತ ತೆಳ್ಳಗಿನ ದನಿ. ಬಯ್ಯಬೇಕಾದರೂ ಮೊದಲು ಕ್ಷಮೆ ಕೇಳಿ ಆಮೇಲೆ ಬಯ್ಯುವ ಮನುಷ್ಯ. ಇಂಡಕ್ಷನ್ ಒಲೆ ಉಳಿಯಬೇಕಾದರೆ ಆರನೇ ಮಹಡಿಗೆ ಒಬ್ಬರು ಫೈರ್ ವಾರ್ಡನ್ ಬೇಕು, ಒಗ್ಗರಣೆ ಹಾಕುವವರೇ ಅದಾಗಬೇಕು, ಶುಕ್ರವಾರದ ಫೈರ್ ಡ್ರಿಲ್ಲಿನಲ್ಲಿ ಅಗ್ನಿಶಾಮಕ ಠಾಣೆಯ ಅಧಿಕಾರಿ ಅವರನ್ನು ಪಾಸು ಮಾಡಬೇಕು. ಇಲ್ಲವಾದರೆ, ದಯವಿಟ್ಟು ಕ್ಷಮಿಸಿ, ಒಲೆ ಹೋಗುತ್ತದೆ.

ಹೋದರೆ ಹೋಗಲಿ ಬಿಡು ಎನ್ನುವ ಹಾಗಿರಲಿಲ್ಲ. ಮೈಸೂರು, ಬೆಂಗಳೂರಿನಿಂದ ಬಂದ ಅವಳ ಟೀಮಿನವರು ವಾರವಿಡೀ ಮೂಲೆಯಂಗಡಿ ಕೊಂಬಿನಿಯ ತಣ್ಣನೆಯ ಅನ್ನದುಂಡೆ ನುಂಗಿಕೊಂಡು ಸೋಮವಾರದ ಬಿಸಿ ಚಿತ್ರಾನ್ನಕ್ಕೆ ಬಾಯಿ ಬಿಡುತ್ತಿದ್ದರು. ಅವರದ್ದಿರಲಿ, ವೇದವಲ್ಲಿಗೇ ಆ ಒಲೆ ಬೇಕಿತ್ತು. ಇಡೀ ಟೋಕಿಯೋದಲ್ಲಿ ಅವಳು ಬಾಯ್ತುಂಬ ಮಾತಾಡಿ, ಹಲ್ಲು ಕಾಣುವ ಹಾಗೆ ನಗುತ್ತಿದ್ದದ್ದು ಅದರ ಮುಂದೆ ನಿಂತಾಗ ಮಾತ್ರ.

ಅವಳ ಗಂಟಲಿನ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು. ಮೈಸೂರಿನ ಮನೆಯ ತಾರಸಿ ಮೇಲೆ ನಿಂತು "ಲಿಂಗರಾಜೂ!" ಎಂದು ಅವಳು ತಮ್ಮನನ್ನು ಕರೆದರೆ ಪಕ್ಕದ ಕ್ರಾಸಿನಲ್ಲಿ ಕ್ರಿಕೆಟ್ ನಿಂತುಹೋಗುತ್ತಿತ್ತು. ಅಂಥ ಗಂಟಲು! ಓಜಿಮಾದ ಅಪಾರ್ಟ್‌ಮೆಂಟಿಗೆ ಬಂದ ಹೊಸತರಲ್ಲಿ ಕೆಳಗಿನ ಮನೆಯ ಅಜ್ಜಿ ಒಂದು ಡಬ್ಬಿ ಬಿಸ್ಕತ್ತು ತಂದುಕೊಟ್ಟು, "ನಿಮ್ಮ ಮನೆ ಯಾವಾಗಲೂ ಎಷ್ಟು ಲವಲವಿಕೆಯಿಂದ ಇರುತ್ತದೆ" ಎಂದು ಬಗ್ಗಿ ನಮಸ್ಕರಿಸಿ ಹೋದರು. ವೇದವಲ್ಲಿ ಹಿಗ್ಗಿ ಹೀರೇಕಾಯಿಯಾಗಿ ಆಫೀಸಿಗೆಲ್ಲ ಬಿಸ್ಕತ್ತು ಹಂಚಿದಳು. ಅದು ಹೊಗಳಿಕೆಯಲ್ಲ, ನಿಮ್ಮ ಗಲಾಟೆ ತಡೆಯಲಾಗುತ್ತಿಲ್ಲ ಎಂಬ ದೂರು ಎಂದು ಟೀಮಿನ ಪ್ರಣತಿ ಬಿಡಿಸಿ ಹೇಳಿದಾಗ ಅವಳ ಮುಖ ನೋಡಬೇಕಿತ್ತು. ಅವತ್ತು ದನಿ ಇಳಿಸಿದವಳು ಇಳಿಸುತ್ತಲೇ ಹೋದಳು. ರೈಲಿನಲ್ಲಿ ಪಿಸುಮಾತು, ಲಿಫ್ಟಿನಲ್ಲಿ ಮೌನ, ಗಂಡ ಮಧುಕರನನ್ನು ಗದರುವುದು ಕೂಡ ವಾಟ್ಸಾಪಿನಲ್ಲಿ. ಮಧುಕರ ಮಾತ್ರ ಈ ದೇಶದಂಥ ದೇಶ ಇನ್ನೊಂದಿಲ್ಲ ಎನ್ನುತ್ತಿದ್ದ.

ಡ್ರಿಲ್ಲಿಗೆ ಮುಂಚೆ ವಾರ್ಡನ್ ತರಬೇತಿ ನಡೆದದ್ದು ಕಟ್ಟಡದ ಹಿಂದಿನ ಪಾರ್ಕಿಂಗ್ ಜಾಗದಲ್ಲಿ. ಬೆಂಕಿಯ ಚಿತ್ರ ಬರೆದ ಒಂದು ಹಲಗೆ, ನೀರು ತುಂಬಿದ ಕೆಂಪು ಸಿಲಿಂಡರು, ಮತ್ತು ನಗುವೇ ಗೊತ್ತಿಲ್ಲದ ಅಧಿಕಾರಿ.

"ಬೆಂಕಿ ಕಂಡ ತಕ್ಷಣ ಸಿಲಿಂಡರಿಗೆ ಕೈ ಹಾಕಬೇಡಿ," ಎಂದರು ಅವರು. "ಮೊದಲು 'ಕಾಜಿ ದಾ!', ಬೆಂಕಿ ಬಿದ್ದಿದೆ ಎಂದು ಮೂರು ಸಲ ಕೂಗಿ. ಕೂಗದೆ ಹೋದವರು ಒಬ್ಬರೇ ಸಿಕ್ಕಿಕೊಳ್ಳುತ್ತಾರೆ. ಆಮೇಲೆ ಪಿನ್ ಎಳೆಯಿರಿ, ಪೈಪನ್ನು ಬೆಂಕಿಯ ಬುಡಕ್ಕೆ ಗುರಿಯಿಡಿ, ಹಿಡಿ ಒತ್ತಿ. ಬೆನ್ನ ಹಿಂದಿನ ಬಾಗಿಲು ಸದಾ ತೆರೆದಿರಲಿ."

ವೇದವಲ್ಲಿ ಪಿನ್ ಎಳೆದದ್ದೇನು, ಗುರಿಯಿಟ್ಟದ್ದೇನು! ನೀರು ಚಿಮ್ಮಿದ ಹೊಡೆತಕ್ಕೆ ಹಲಗೆ ಅಂಗಾತ ಬಿತ್ತು. ಟೀಮಿನವರು ಚಪ್ಪಾಳೆ ತಟ್ಟಿದರು. ಅಧಿಕಾರಿ ಅವಳ ಹತ್ತಿರ ಬಂದು, "ಯಾವಾಗ ಕೂಗುತ್ತೀರಿ?" ಎಂದು ಕೇಳಿದರು.

ಪಾಪ, ಅವಳು ಆಗಲೇ ಕೂಗಿ ಮುಗಿಸಿದ್ದಳು.

ಮತ್ತೆ ಕೂಗಿಸಿದರು. ಹೋಟೆಲಿನಲ್ಲಿ ಇನ್ನೊಂದು ಲೋಟ ನೀರು ಕೇಳುವಷ್ಟೇ ದನಿ ಬಂತು. ಶುಕ್ರವಾರ ಆರನೇ ಮಹಡಿಯ ಕಾರಿಡಾರಿನ ಈ ತುದಿಯಲ್ಲಿ ಕೂಗಿದ್ದು ಆ ತುದಿಯಲ್ಲಿ ನಿಂತ ಕುರೋದಾ-ಸಾನ್‌ಗೆ ಕೇಳಿಸದಿದ್ದರೆ ಫೇಲು ಎಂದು ಹೇಳಿ ಅಧಿಕಾರಿ ಹೊರಟುಹೋದರು.

"ವೇದಕ್ಕ, ಮನೇಲಿ ಪ್ರಾಕ್ಟೀಸ್ ಮಾಡಿ," ಎಂದಳು ಪ್ರಣತಿ.

"ಮನೇಲಾ? ಕೆಳಗಿನಜ್ಜಿ ಈ ಸಲ ಬಿಸ್ಕತ್ ಫ್ಯಾಕ್ಟರೀನೇ ತಂದುಕೊಡ್ತಾರೆ ಅಷ್ಟೆ."

"ಹಾಗಾದ್ರೆ ಸ್ಟೇಷನ್ ಹತ್ರ ಹಾಡು ಹೇಳೋ ಕರಾವೋಕೆ ಅಂಗಡಿ ಇದ್ಯಲ್ಲ! ಎಲ್ಲಾ ರೂಮೂ ಸೌಂಡ್‌ಪ್ರೂಫ್. ಎಷ್ಟು ಬೇಕಾದ್ರೂ ಕಿರುಚಿ, ಡೋರ್ ಹಾಕ್ಕೊಂಡ್ರೆ ಯಾರಿಗೂ ಗೊತ್ತಾಗಲ್ಲ."

ಅವತ್ತು ಸಂಜೆಯೇ ಇಬ್ಬರೂ ಹೋದರು. ಪ್ರಣತಿ ಕೆಳಗೆ ಜ್ಯೂಸ್ ತರಲು ನಿಂತಳು, ವೇದವಲ್ಲಿ ರೂಮು ಹೊಕ್ಕಳು. ಈಗ ನೋಡಿ, ಕಲಿತದ್ದನ್ನು ಚಾಚೂ ತಪ್ಪದೆ ಮಾಡುವವರಿಂದ ಎಂಥೆಂಥ ಅನಾಹುತ ಆಗುತ್ತದೆ! ಬೆನ್ನ ಹಿಂದಿನ ಬಾಗಿಲು ತೆರೆದಿರಬೇಕಲ್ಲವೇ? ಅವಳು ತನ್ನ ಹ್ಯಾಂಡ್‌ಬ್ಯಾಗನ್ನೇ ಅಡ್ಡ ಇಟ್ಟು ಬಾಗಿಲನ್ನು ವಿಶಾಲವಾಗಿ ತೆರೆದಿಟ್ಟಳು. ಪೈಪಿನ ಬದಲು ಕೈಗೆ ಮೈಕು ತೆಗೆದುಕೊಂಡಳು. ಮೈಕು ಆನ್ ಆಗಿತ್ತು.

ಮೊದಲನೆಯದು ಪಿಸುಮಾತು. ಎರಡನೆಯದು ಪರವಾಗಿಲ್ಲ. ಮೂರನೆಯ ಸಲ ಕಣ್ಣು ಮುಚ್ಚಿ, ಎದೆ ತುಂಬ ಗಾಳಿ ಎಳೆದು, ಮೈಸೂರಿನ ತಾರಸಿಯನ್ನೇ ನೆನೆದುಕೊಂಡು, "ಕಾಜಿ ದಾಆಆ!" ಎಂದಳು ನೋಡಿ, ಅಬ್ಬಬ್ಬಾ! ಗೋಡೆ ಅದುರಿತು. ಕಾರಿಡಾರಿನ ಬಾಗಿಲುಗಳೆಲ್ಲ ಪಟಪಟ ತೆರೆದುಕೊಂಡು ಜನ ದುಡುದುಡು ಮೆಟ್ಟಿಲಿಳಿದರು. ಅಂಗಡಿಯ ಹುಡುಗಿಯೊಬ್ಬಳು ಸಿಲಿಂಡರು ಹೊತ್ತುಕೊಂಡು ಓಡಿಬಂದಳು. ತೆರೆದೇ ಇದ್ದ ಬಾಗಿಲನ್ನು ತಟ್ಟಿ, ಬಗ್ಗಿ, "ಸುಮಿಮಾಸೆನ್, ಕ್ಷಮಿಸಿ, ಹಾಡಿನ ಮಧ್ಯೆ ತೊಂದರೆ ಕೊಡುತ್ತಿದ್ದೇನೆ. ಬೆಂಕಿ ಎಲ್ಲಿದೆ ಎಂದು ತಿಳಿಸುತ್ತೀರಾ?" ಎಂದು ಕೇಳಿದಳು.

ರಸ್ತೆಯಲ್ಲಿ ಸಾಲಾಗಿ ನಿಂತವರಿಗೆಲ್ಲ ವೇದವಲ್ಲಿ ಬಗ್ಗಿ ಬಗ್ಗಿ ಕ್ಷಮೆ ಕೇಳುತ್ತ ಹೋದಳು. ಸೊಂಟ ಬಿದ್ದುಹೋಗುವುದೊಂದು ಬಾಕಿ. ಸಾಲಿನ ಕೊನೆಯವರ ಮುಂದೆ ಬಗ್ಗಿ ತಲೆ ಎತ್ತಿದಳು.

ಕುರೋದಾ-ಸಾನ್! ಟೈ ಸಡಿಲ, ಮುಖ ಕೆಂಪು, ಪಕ್ಕದಲ್ಲಿ ಯಾರೂ ಇಲ್ಲ.

ಒಲೆ ಹೋಯಿತು ಎಂದುಕೊಂಡಳು ಅವಳು. ಅವರೋ ಅವಳಿಗಿಂತ ಹೆಚ್ಚು ನಾಚಿ ನೀರಾಗಿದ್ದರು.

"ವೇದವಲ್ಲಿ-ಸಾನ್, ನಾನು ಹಾಡಲು ಬಂದವನಲ್ಲ," ಎಂದರು ಮೆಲ್ಲಗೆ. "ಡ್ರಿಲ್ಲಿನಲ್ಲಿ 'ಎಲ್ಲರೂ ಹೊರಡಿ' ಎಂದು ಕೂಗಬೇಕಾದವನು ನಾನು. ಹೋದ ವರ್ಷ ಕೂಗಿದೆ, ಒಬ್ಬರೂ ಹೊರಡಲಿಲ್ಲ."

ವೇದವಲ್ಲಿ ನಗಬಾರದೆಂದು ತುಟಿ ಕಚ್ಚಿಕೊಂಡಳು. ಅಷ್ಟರಲ್ಲಿ ಎರಡು ಲೋಟ ಜ್ಯೂಸ್ ಹಿಡಿದು ನಿಂತಿದ್ದ ಪ್ರಣತಿ ಕಿಸಕ್ಕೆಂದಳು. ಮುಗಿಯಿತು! ನಡುರಸ್ತೆಯಲ್ಲಿ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಒಟ್ಟಿಗೆ ಒಳಗೆ ಹೋಗಿ, ಬಾಗಿಲು ಭದ್ರವಾಗಿ ಹಾಕಿಕೊಂಡು, ಸರದಿಯಂತೆ ಕಿರುಚಿದರು.

ಶುಕ್ರವಾರ ಬಂತು. ಕಾರಿಡಾರಿನ ಎರಡೂ ಕಡೆ ಹೆಲ್ಮೆಟ್ ತೊಟ್ಟ ಜನ, ಮಧ್ಯೆ ಅಧಿಕಾರಿ, ಆ ತುದಿಯಲ್ಲಿ ಕುರೋದಾ-ಸಾನ್. ವೇದವಲ್ಲಿ ಬಾಯಿ ತೆರೆದಳು. "ಕಾಜಿ ದಾ," ಎಂದಳು. ಹಾಳಾದ್ದು, ಮತ್ತೆ ಅದೇ ಪಿಸುಮಾತು! ಅಷ್ಟು ಜನ ತನ್ನನ್ನೇ ನೋಡುತ್ತಿರುವಾಗ ಗಂಟಲಿಗೆ ಬೀಗ ಬಿದ್ದಿತ್ತು. ಎರಡನೆಯ ಸಲವೂ ಅಷ್ಟೇ. ಅಧಿಕಾರಿ ಆಗದು ಎಂಬಂತೆ ತಲೆಯಾಡಿಸಿದರು. ಪ್ಯಾಂಟ್ರಿಯ ಒಲೆಯನ್ನು ನೆನೆದು ಅವಳಿಗೆ ಅಳುವೇ ಬಂದಿತು.

ಆಗ ಆ ತುದಿಯಿಂದ ಒಂದು ಒಡಕು ದನಿ ಇಡೀ ಕಾರಿಡಾರನ್ನು ಸೀಳಿಕೊಂಡು ಬಂತು.

"ಕೇ-ಳಿ-ಸು-ತ್ತಿ-ಲ್ಲಾ!"

ಜನ ಕಣ್ಣು ಕಣ್ಣು ಬಿಟ್ಟರು. ಕುರೋದಾ-ಸಾನ್! ಬಾಯಿಯ ಸುತ್ತ ಎರಡೂ ಕೈ ಇಟ್ಟುಕೊಂಡು, ಕತ್ತಿನ ನರ ಉಬ್ಬಿಸಿ ನಿಂತಿದ್ದರು. ಅವರ ದನಿ ಹೀಗೂ ಇದೆಯೆಂದು ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ವೇದವಲ್ಲಿಗೆ ನಗು ಉಕ್ಕಿ ಬಂತು, ನಗುವಿನ ಜೊತೆಗೇ ಬೀಗವೂ ಕಳಚಿತು.

"ಕಾಜಿ ದಾಆಆಆ!"

ಅಧಿಕಾರಿಯ ಟೊಪ್ಪಿಗೆ ಓರೆಯಾಯಿತು. ಕುರೋದಾ-ಸಾನ್ ಅದೇ ಹುರುಪಿನಲ್ಲಿ "ಎಲ್ಲರೂ ಹೊರಡಿ!" ಎಂದರು. ಇಡೀ ಕಟ್ಟಡ ಹೊರಟಿತು. ಪಕ್ಕದ ಕಟ್ಟಡದವರೂ ಹೊರಟರು. ಅವರಿಗೆ ಡ್ರಿಲ್ಲೇ ಇರಲಿಲ್ಲ.

"ಪಾಸು," ಎಂದರು ಅಧಿಕಾರಿ, ಕಿವಿಯೊಳಗೆ ಬೆರಳಾಡಿಸುತ್ತ. "ಇನ್ನು ಮುಂದೆ ಸ್ವಲ್ಪ ಮೆಲ್ಲಗೆ ಕೂಗಿದರೂ ಸಾಕು."

ಒಲೆ ಉಳಿಯಿತು. ಆದರೆ ಕುರೋದಾ-ಸಾನ್ ಒಂದು ಹೊಸ ನಿಯಮ ಮಾಡಿದರು. ಎಣ್ಣೆಗೆ ಮೆಣಸಿನಕಾಯಿ ಬೀಳುವ ಮುಂಚೆ ವಾರ್ಡನ್ ಇಡೀ ಮಹಡಿಗೆ ಕೇಳುವಂತೆ ಮೂರು ಸಲ ಕೂಗಬೇಕು. ಕೇಳಿಸಿಕೊಂಡವರು ತಿರುಗಿ ಅದನ್ನೇ ಕೂಗಬೇಕು. ಗಾಬರಿಯಿಂದ ಓಡುವುದು ತಪ್ಪುತ್ತದೆ.

ಸೋಮವಾರ ಎಣ್ಣೆ ಕಾಯಿತು. ಕುರೋದಾ-ಸಾನ್ ತಾವೇ ಬಂದು ಎಕ್ಸಾಸ್ಟ್ ಫ್ಯಾನ್ ಹಾಕಿ, ಕೈಯಲ್ಲೊಂದು ತಟ್ಟೆ ಹಿಡಿದು ನಿಂತರು. ವೇದವಲ್ಲಿ ಪ್ಯಾಂಟ್ರಿಯ ಬಾಗಿಲಿಗೆ ಬಂದು, ಹಿಂಜರಿಯದೆ, ಗಂಟಲು ಬಿಚ್ಚಿ ಕೂಗಿದಳು.

"ಒಗ್ಗರಣೇ!"

"ಒಗ್ಗರಣೇ!" ಎಂದಿತು ಇಡೀ ಆರನೇ ಮಹಡಿ, ಕಂಪ್ಯೂಟರಿನಿಂದ ತಲೆ ಎತ್ತದೆ, ಒಕ್ಕೊರಲಿನಿಂದ. ಮೂರು ಸಲವೂ.

"ಯಾಕೆ ವೇದಕ್ಕ, ಕಣ್ಣಲ್ಲಿ ನೀರು?" ಎಂದಳು ಪ್ರಣತಿ. "ಘಾಟಾ?"

"ಮೆಣಸಿನಕಾಯಿ ಇನ್ನೂ ಹಾಕೇ ಇಲ್ಲ ಕಣೇ," ಎನ್ನುತ್ತ ವೇದವಲ್ಲಿ ಮೂಗೊರೆಸಿಕೊಂಡು ಡಬ್ಬಿಗೆ ಕೈ ಹಾಕಿದಳು.