ದಮ್ಮು ಕಟ್ಟಿದ ಗಾಡಿ

ಶಿವಗಂಗಾಳಿಗೆ ಸಿಟ್ಟು ನೆತ್ತಿಗೇರಿದ್ದು ಗಾಡಿ ಕೆಟ್ಟಿದ್ದಕ್ಕಲ್ಲ. ಪಕ್ಕದ ಸೀಟಿನಲ್ಲಿ ಕೂತ ಅಣ್ಣ ಬಸವಲಿಂಗ ಮಾನ್ವಿ ಬಿಟ್ಟಾಗಿನಿಂದ ಬಾಯಿ ಮುಚ್ಚಿರಲಿಲ್ಲ, ಅದಕ್ಕೆ.

"ಒತ್ತು, ಇನ್ನಷ್ಟು ಒತ್ತು! ಟ್ರ್ಯಾಕ್ಟರ್ ಸೈಡ್ ಹೊಡದು ಹೊಂಟಾವ. ಹೆಣ್ಮಕ್ಳ ಕೈಯಾಗ ಚಾವಿ ಕೊಟ್ರ ಗಾಡಿ ದಮ್ಮು ಉಳೀತದೇನು?"

ಆಕ್ಸಿಲರೇಟರ್ ನೆಲ ಮುಟ್ಟಿತ್ತು. ಗಾಡಿ ಮಾತ್ರ ಕರಿ ಹೊಗೆ ಉಗುಳುತ್ತ ನರಳುತ್ತಿತ್ತು. ಶಿವಗಂಗಾ ಗೇರ್ ಇಳಿಸಿದಳು.

ಆ ಡೀಸೆಲ್ ಕಾರು ಅಪ್ಪ ಗಡಿಗೆಪ್ಪನದು. ಮದುವೆ ಮುರಿದುಕೊಂಡು ತವರಿಗೆ ಬಂದ ಶಿವಗಂಗಾ ಅದರಲ್ಲಿ ದಿನಾ ಮಾನ್ವಿಯ ನರ್ಸುಗಳನ್ನು ರಾಯಚೂರಿನ ಆಸ್ಪತ್ರೆಗೆ ಬಿಟ್ಟು ಕರೆತರುತ್ತಿದ್ದಳು. ತನ್ನದು ಎನ್ನಲು ಅವಳಿಗಿದ್ದದ್ದು ಅದೊಂದೇ. ಆದರೆ ಬಸವಲಿಂಗನಿಗೆ ರೈಸ್ ಮಿಲ್ಲಿನ ಓಡಾಟಕ್ಕೆ ಅದೇ ಕಾರು ಬೇಕು! ಹೋದ ಅಮಾವಾಸ್ಯೆಯ ಮರುದಿನ ಅವನು ಅದರಲ್ಲಿ ದೇವದುರ್ಗಕ್ಕೆ ಹೊರಟಾಗ ಗಾಡಿಯ ಪಿಕಪ್ ಸತ್ತುಹೋಯಿತು. ಅಂದಿನಿಂದ ಮನೆಯಲ್ಲಿ ಅವನದು ಒಂದೇ ರಾಗ, ತಂಗಿಯೇ ಗಾಡಿ ಕೆಡಿಸಿದಳು ಎಂದು. ಕೇಳಿ ಕೇಳಿ ಬೇಸತ್ತ ಅಪ್ಪ ತೀರ್ಪು ಕೊಟ್ಟುಬಿಟ್ಟ: "ಮೆಕ್ಯಾನಿಕ್ ಅಮೀನ್ ನೋಡಲಿ. ಇಕಿ ಓಡಿಸಿ ಕೆಡಿಸ್ಯಾಳ ಅಂದ್ರ ಚಾವಿ ಬಸವಲಿಂಗಗ."

ರಾಯಚೂರಿನ ಗ್ಯಾರೇಜಿನಲ್ಲಿ ಅಮೀನ್ ಸ್ಕ್ಯಾನರ್ ಹಚ್ಚಿ ನೋಡಿದ. "ಟರ್ಬೊ ಪ್ರೆಶರ್ ಕಮ್ಮಿ ಬರಾಕತ್ತದ ಅಕ್ಕಾ. ಎಂಜಿನ್‌ಗೆ ಗಾಳಿ ಸಾಲವಲ್ದು."

"ಟರ್ಬೊ ಸುಟ್ಟಾಳ ಅಂತ ಹೇಳೋ ಮತ್ತ!" ಎಂದ ಬಸವಲಿಂಗ.

"ತಡೀರಿ ಸಾವ್ಕಾರ್ರ, ನೋಡದ ಹೆಂಗ ಹೇಳಲಿ?"

ಏರ್ ಫಿಲ್ಟರ್ ಬಿಚ್ಚಿದ, ಸ್ವಚ್ಛವಾಗಿತ್ತು. ದಪ್ಪ ಪೈಪುಗಳಿಗೆಲ್ಲ ಸೋಪಿನ ನೀರು ಸವರಿದ, ಗುಳ್ಳೆ ಏಳಲಿಲ್ಲ. ಒಂದೊಂದು ಸಲವೂ ಬಸವಲಿಂಗ ಮೀಸೆಯೊಳಗೇ ನಗುತ್ತಿದ್ದ. ಶಿವಗಂಗಾ ಒಳಗೊಳಗೇ ಬೈದಳು. ಇವನಿಗೆ ಗಾಡಿ ರಿಪೇರಿ ಆಗುವುದೇ ಬೇಡ, ಬಾಡ್ಯಾ!

ಅಮೀನ್ ಟರ್ಬೊದ ಚಕ್ರ ಬೆರಳಿನಿಂದ ತಿರುಗಿಸಿದ. ಹಗುರಾಗಿ ತಿರುಗಿತು. "ಟರ್ಬೊ ಗಟ್ಟಿ ಅದ," ಎಂದವನೇ ಪೈಪುಗಳನ್ನು ಮತ್ತೆ ಜೋಡಿಸಿ ಎಂಜಿನ್ ಚಾಲೂ ಮಾಡಿದ. ಟರ್ಬೊದ ಪಕ್ಕದ ಕಡ್ಡಿಯಂಥ ಒಂದು ಸಣ್ಣ ಸಳಿ ತೋರಿಸಿದ. "ಚಾಲೂ ಆದಕೂಡ್ಲೆ ಇದು ಮ್ಯಾಲ ಏಳಬೇಕು. ಎದ್ರ ಟರ್ಬೊ ಗಾಳಿ ತುಂಬ್ತದ. ನೋಡ್ರಿ, ಅಳ್ಳಾಡವಲ್ದು." ಗಾಳಿ ಹೀರಿ ಸಳಿಯನ್ನು ಎಳೆಯಬೇಕಾದ ತೆಳು ರಬ್ಬರ್ ಪೈಪನ್ನು ಕಿತ್ತು ಅವಳ ಕೈಗೆ ಕೊಟ್ಟ. "ತುದಿಗೆ ಬೆರಳು ಇಡ್ರಿ. ಒಳಗ ಜಗ್ಗತದೇನು?"

"ಜಗ್ಗವಲ್ದು."

"ಹಂಗಾರ ಪೈಪ್ ಎಲ್ಲೋ ಕಟ್ಟೇದ."

ಶಿವಗಂಗಾ ಕಾಯಲಿಲ್ಲ. ಬಿಸಿಗೆ ಕೈ ಸುಟ್ಟರೂ ಬಿಡದೆ ಪೈಪಿನ ಗುಂಟ ಕೈ ಹಾಕಿಕೊಂಡು ಹೋದಳು. ಬ್ಯಾಟರಿಯ ಹಿಂದೆ ಬೆರಳಿಗೆ ಏನೋ ಚುಚ್ಚಿತು. ಬಗ್ಗಿ ನೋಡಿದರೆ ತಾಮ್ರದ ತಂತಿ. ತಂತಿಯಲ್ಲಿ ಒಣಗಿ ಕಪ್ಪಾದ ಲಿಂಬೆಹಣ್ಣು, ಮೆಣಸಿನಕಾಯಿ. ಪೈಪಿಗೆ ಬಿಗಿಯಾಗಿ ಸುತ್ತಿ ಕಟ್ಟಿದ್ದರು. ಪೈಪು ಅಲ್ಲಿ ಚಪ್ಪಟೆಯಾಗಿತ್ತು.

ತಿರುಗಿ ನೋಡಿದಳು. ಬಸವಲಿಂಗನ ಮುಖ ಇಂಗು ತಿಂದ ಮಂಗನಂತಾಗಿತ್ತು.

"ಅಮಾಸಿ ದಿನ ಕಟ್ಟಿದ್ಯಾ?"

"ಬಂಪರಿಗೆ ಕಟ್ಟಿದ್ರ ಕವಿತಾಳದ ತಗ್ಗು ರೋಡಿನಾಗ ಉದುರಿ ಬೀಳ್ತಿತ್ತು... ಅದಕ್ಕ ಒಳಗ ಕಟ್ಟೀನಿ. ಹೆಣ್ಣುಮಗಳು ಗಾಡಿ ಓಡಿಸ್ತಿ, ಮಂದಿ ಕಣ್ಣು ಬೀಳ್ತದಂತ..."

"ಮಂದಿ ಕಣ್ಣಲ್ಲೋ, ನಿನ್ನ ಕಣ್ಣು! ದಮ್ಮು ಕಟ್ಟಿದಾವ ನೀನು, ಇಷ್ಟು ದಿನ ಬೈಸಿಕೊಂಡಾಕಿ ನಾನು!" ಅವಳ ಕೂಗಿಗೆ ಪಕ್ಕದ ಅಂಗಡಿಯವರೂ ಹೊರಗೆ ಬಂದರು. ಇಕ್ಕಳ ಕಸಿದುಕೊಂಡು ತಂತಿ ಕತ್ತರಿಸಿದಳು. ಅಮೀನ್ ಹೊಸ ಪೈಪ್ ಹಾಕಿದ. ಸಳಿ ಟಕ್ ಎಂದು ಮೇಲೆದ್ದಿತು.

ಊರಿಗೆ ಹೊರಟಾಗ ಬಸವಲಿಂಗ ಮೆತ್ತಗೆ ಶುರು ಮಾಡಿದ. "ಅಪ್ಪಗ ಹೇಳಬ್ಯಾಡ ಬೇ."

"ನಾ ಯಾಕ ಹೇಳಲಿ? ನೀನ ಹೇಳ್ತಿ," ಎಂದು ಆ ಲಿಂಬೆಹಣ್ಣಿನ ಸರವನ್ನು ಅವನ ತೊಡೆಯ ಮೇಲೆ ಒಗೆದಳು. "ಹಿಡ್ಕೊಂಡು ಕುಂದ್ರು. ಮನಿ ಮುಟ್ಟೂತನ ಕೈ ಬಿಡಬ್ಯಾಡ."

ಕಲ್ಲೂರು ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಶಿವಗಂಗಾ ಕಾಲು ಒತ್ತಿದಳು. ಗಾಡಿ ಮುನ್ನುಗ್ಗಿತು, ಎರಡು ಟ್ರ್ಯಾಕ್ಟರ್, ಒಂದು ಲಾರಿ ಹಿಂದೆ ಬಿದ್ದವು. ಬಸವಲಿಂಗ ಒಂದು ಕೈಯಲ್ಲಿ ಲಿಂಬೆಹಣ್ಣು, ಇನ್ನೊಂದರಲ್ಲಿ ಬಾಗಿಲಿನ ಹಿಡಿಕೆ ಹಿಡಿದು ಚೀರಿದ.

"ಸಾವಕಾಶ ಬೇ! ಸಾವಕಾಶ!"

"ಯಾಕ? ಒತ್ತು ಅಂದಾವ ನೀನ ಅಲ್ಲೇನು?" ಎಂದು ಅವಳು ಇನ್ನಷ್ಟು ಒತ್ತಿದಳು.