ಒಂದೇ ತೊಲೆಯ ಮೂರು ಮನೆ

ನಮ್ಮೂರು ಇನ್ನೂ ಮದರಾಸು ಸರ್ಕಾರಕ್ಕೆ ಸೇರಿದ್ದಾಗ, ಜನಗಣತಿಯವರು ಬಂದು ಬಾಗಿಲುಗಳ ಮೇಲೆ ನಂಬರು ಬರೆದು ಹೋದ ವರ್ಷ ಅದು. ಹೊಸಪೇಟೆಯ ಸ್ಟೇಷನ್ ದಾರಿಯಲ್ಲಿದ್ದ ನನ್ನ ಮೂರು ಬಾಡಿಗೆ ಮನೆಗಳಿಗೆ ಮೂರು ನಂಬರು ಬಿದ್ದವು. ನಾನಿದ್ದ ಮನೆ ಬೇರೆ, ಹಿಂದಿನ ಬೀದಿಯಲ್ಲಿ. ಗಂಡ ತೀರಿಕೊಂಡ ಮೇಲೆ ಆ ಮೂರನ್ನೂ ಕಟ್ಟಿಸಿದವಳು ನಾನೇ. ಪ್ರತಿ ಮಳೆಗಾಲಕ್ಕೆ ಮುಂಚೆ ಮಾಳಿಗೆ ಹತ್ತಿ, ಸೋರದಂತೆ ಸವಳು ಮಣ್ಣು ಹರಡಿ ತುಳಿಯುತ್ತಿದ್ದವಳೂ ನಾನೇ. ನಾನು ಬರುವುದು ಕಂಡರೆ ಬಾಡಿಗೆಯವರು ಎದ್ದು ನಿಲ್ಲುತ್ತಿದ್ದರು. ಈ ಜಂಬಕ್ಕನ ಬಾಯಿ ಅಂಥದ್ದು, ಸುಳ್ಳೇಕೆ ಹೇಳಲಿ.

ಕಟ್ಟಿಸುವಾಗ ಒಂದು ಜಾಣತನ ಮಾಡಿದ್ದೆ. ಸಂಡೂರಿನಿಂದ ಒಂದೇ ಉದ್ದನೆಯ ತೊಲೆ ತರಿಸಿ, ಮೂರು ಮನೆಗೂ ಸೇರಿಸಿ ಹಾಕಿಸಿ, ನಡುವೆ ಅಡ್ಡಗೋಡೆ ಎಬ್ಬಿಸಿದ್ದೆ. ಉಳಿತಾಯವಾಯಿತೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೂ ಉಂಟು.

ಕೊನೆಯ ಮನೆಯ ಉಚ್ಚೆಂಗಮ್ಮ ಹಾಸಿಗೆ ಹಿಡಿದದ್ದು ಕಬ್ಬು ಕಡಿಯುವ ಕಾಲದಲ್ಲಿ. ಹನ್ನೊಂದು ವರ್ಷ ಆ ಮನೆಯಲ್ಲಿದ್ದು ಸ್ಟೇಷನ್ನಿನಲ್ಲಿ ಬಾಳೆಹಣ್ಣು ಮಾರಿದ ಒಂಟಿ ಮುದುಕಿ. ಆಲೆಮನೆಗಳ ಬೆಲ್ಲದ ವಾಸನೆ ಊರ ಮೇಲೆ ತೇಲಿ ಬಂದು, ಹಗಲೇ ಕಣ್ಣು ಎಳೆಯುವಂತಿತ್ತು. ಜಂಬುನಾಥನ ಗುಡ್ಡ ಬಿಸಿಲಿನಲ್ಲಿ ಕರಗಿ, ಇದೆಯೋ ಇಲ್ಲವೋ ಅನ್ನಿಸುತ್ತಿತ್ತು. ಉಚ್ಚೆಂಗಮ್ಮ ಗವಾಕ್ಷಿಯಿಂದ ಇಳಿದ ಬೆಳಕಿನಲ್ಲಿ ಮಲಗಿ, ಒಮ್ಮೆ ನನ್ನನ್ನು ತನ್ನ ತಾಯಿ ಅಂದುಕೊಳ್ಳುತ್ತಿದ್ದಳು, ಒಮ್ಮೆ ರೈಲು ಬಂತೇನೆಂದು ಕೇಳುತ್ತಿದ್ದಳು. ಅವಳ ಪಕ್ಕ ಕುಳಿತರೆ ನನಗೂ ಯಾವ ಕಾಲ, ಯಾವ ಊರು ಎಂಬುದು ಮರೆತುಹೋಗುತ್ತಿತ್ತು.

ಪಂಚಾಂಗ ನೋಡುವ ಹಾಲಸ್ವಾಮಿಗಳು ಬಂದು ಆ ಮಂಪರು ಬಿಡಿಸಿದರು.

"ನಾಳೆಯಿಂದ ಐದು ದಿನ ನಕ್ಷತ್ರ ಕೆಟ್ಟೈತಿ, ಜಂಬಕ್ಕ. ಅದರಾಗ ಆಕಿ ಹೋದ್ರ ಮನಿಗೆ ಆರು ತಿಂಗಳು ಬೀಗ."

"ಈ ಒಂದಕ್ಕ ಹಾಕಿದ್ರಾತು ಬಿಡ್ರಿ."

ಅವರು ತಲೆ ಎತ್ತಿ ತೊಲೆ ನೋಡಿದರು. "ತೊಲಿ ಒಂದಾದ್ರ ಮನಿನೂ ಒಂದೇ. ಮೂರಕ್ಕೂ ಬೀಗ ಹಾಕಬೇಕು."

"ಸರ್ಕಾರದವರು ಮೂರು ನಂಬರು ಬರ್ದಾರಲ್ರಿ."

"ನಕ್ಷತ್ರಕ್ಕ ಮದರಾಸಿನ ನಂಬರು ಗೊತ್ತಿಲ್ಲಮ್ಮ."

ನಮ್ಮ ಕಡೆ ಈ ಮಾತು ಮೀರಿದವರನ್ನು ನಾನು ಕಂಡಿರಲಿಲ್ಲ. ಮೊದಲ ಮನೆಯ ದರ್ಜಿ ಸುಂಕಪ್ಪ ಒಂಟಿಯಾಳು, ಎಲ್ಲಾದರೂ ಇದ್ದಾನು. ನಡುವಿನ ಮನೆಯಲ್ಲಿ ರೈಲು ಹಳಿ ಕೆಲಸದ ತಾಯಪ್ಪ, ಅವನ ಹೆಂಡತಿ ಹೊಳೆಮ್ಮ. ಹೊಳೆಮ್ಮ ಹೆತ್ತು ಒಂಬತ್ತೇ ದಿನ. ಹಸಿ ಬಾಣಂತಿಯನ್ನು ಬೀದಿಗೆ ನಿಲ್ಲಿಸುವುದೇ? ನನ್ನ ಜಾಣತನಕ್ಕೆ ನಾನೇ ಹಲ್ಲು ಕಡಿದೆ.

ಸುದ್ದಿ ತಿಳಿದ ತಾಯಪ್ಪ ಮುಖ ಎತ್ತದೆ ಹೇಳಿದ. "ಅವ್ವಾರ, ಮುದುಕಿ ಹುಟ್ಟಿದ್ದು ಹಂಪಿ ಬಜಾರಿನ ಮಂಟಪದಾಗಂತ. ಗಾಡಿಯಾಗ ಅಲ್ಲಿಗೇ ಒಯ್ಯೋಣೇನ್ರಿ? ಕಲ್ಲು ಮಂಟಪಕ್ಕ ಮಾಲಕರೂ ಇಲ್ಲ, ದೋಷನೂ ಇಲ್ಲ. ನಾನು ಕಡೀತನಕ ಕೂಡೇ ಇರ್ತೀನಿ."

ಒಪ್ಪಿಕೊಂಡೆ. ಬೇರೆ ದಾರಿ ಕಾಣಲಿಲ್ಲ. ಮರುದಿನ ಬೆಳಿಗ್ಗೆ ಗಾಡಿಯಲ್ಲಿ ಹುಲ್ಲು ಹಾಸಿ ಅವಳನ್ನು ಎತ್ತಿ ಮಲಗಿಸಿದೆವು. ಹಿಡಿ ಕಬ್ಬಿನ ಸಿಪ್ಪೆಯಷ್ಟೂ ಭಾರವಿರಲಿಲ್ಲ. ನಾನು ಚಕ್ರದ ಪಕ್ಕ ನಡೆದೆ. ಕಾಲುವೆಯ ಮೇಲೆ ಮಂಜು ಎದ್ದಿತ್ತು, ಎತ್ತುಗಳು ಅದರೊಳಗೆ ಈಜಿದಂತೆ ಹೋಗುತ್ತಿದ್ದವು.

ಅನಂತಶಯನಗುಡಿಯ ದಾರಿ ಹಿಡಿಯುವ ಹೊತ್ತಿಗೆ ಅವಳು ಕಣ್ಣು ಬಿಟ್ಟಳು.

"ಎಲ್ಲಿಗೆ ಹೊಂಟೀವಿ?"

"ಹಂಪಿಗೆ. ನೀನು ಹುಟ್ಟಿದ ಜಾಗಕ್ಕ."

ಹುಲ್ಲಿನ ಮೇಲೆ ತಲೆ ಅಲ್ಲಾಡಿಸಿದಳು. "ಅಲ್ಲಿ ಕದ ಇಲ್ಲ, ಜಂಬಕ್ಕ. ಸಣ್ಣಾಕಿ ಇದ್ದಾಗ ರಾತ್ರಿಯೆಲ್ಲ ಕದದ ಮನಿ ಕನಸು ಬೀಳ್ತಿತ್ತು ನನಗ. ಜಲ್ದಿ ಬರೋಣ. ನನ್ನ ಮನಿ ಬಿಟ್ಟು ಭಾಳೊತ್ತು ಇರಾಕಾಗಲ್ಲ."

ನನ್ನ ಮನಿ ಅಂದಳು. ಹನ್ನೊಂದು ವರ್ಷ ನಾನು ಅದನ್ನು ನನ್ನದು, ನನ್ನದು ಎಂದು ಕೂಗಾಡಿದ್ದೆ. ನಾಚಿಕೆಯಾಯಿತು.

"ತಾಯಪ್ಪ, ಗಾಡಿ ತಿರುಗ್ಸು. ನಾನಿರೋ ಮನಿಗೆ ನಡಿ."

"ಅವ್ವಾರ, ಅದಕ್ಕ ಬೀಗ ಬೀಳ್ತೈತ್ರಿ."

"ಬೀಳ್ಲಿ. ಅದರ ತೊಲಿ ಬ್ಯಾರೆ ಐತಿ, ಕದನೂ ಐತಿ."

ನಮ್ಮ ಪಡಸಾಲೆಯಲ್ಲಿ ಮಲಗಿಸಿದೆವು. ಕದ ಯಾವುದೆಂದು ಕೇಳಿದಳು, ತೋರಿಸಿದೆ. ಮೂರು ದಿನ ಬದುಕಿದಳು. ಕೊನೆಯ ಮಧ್ಯಾಹ್ನ ನಾನೂ ಅವಳ ಪಕ್ಕ ಜೊಂಪು ಹತ್ತಿ ಮಲಗಿದ್ದೆ. ಎದ್ದಾಗ ಅವಳ ಕೈ ನನ್ನ ಕೈಯಲ್ಲಿತ್ತು, ತಣ್ಣಗಿತ್ತು. ಹಾಲಸ್ವಾಮಿಗಳು ಹೇಳಿದಂತೆ ಮನೆಗೆ ಬೀಗ ಹಾಕಿ, ಎರಡು ಸೀರೆ, ಒಂದು ನೀರಿನ ಚೆರಿಗೆ ಹಿಡಿದು ಉಚ್ಚೆಂಗಮ್ಮನ ಮನೆ ಸೇರಿದೆ.

ಆ ಸಾಲಿನ ಕಟ್ಟೆಯ ಮೇಲೆ ನಾನು ಯಾವತ್ತೂ ಕುಳಿತವಳಲ್ಲ. ಈಗ ಅಲ್ಲಿ ಕುಳಿತರೆ ಸುಂಕಪ್ಪನ ಹೊಲಿಗೆ ಮಿಷನ್ನಿನ ಸದ್ದು, ಬಾಣಂತಿಯ ಬಜೆಯ ಘಾಟು, ದೂರದ ರೈಲಿನ ಕೂಗು ಎಲ್ಲ ಕೂಡಿ, ದಿನಗಳು ಒಂದರೊಳಗೊಂದು ಸೇರಿಹೋಗುತ್ತಿದ್ದವು. ಹೊಳೆಮ್ಮ ಮೊದಮೊದಲು ಎದ್ದು ನಿಲ್ಲುತ್ತಿದ್ದಳು. ಆಮೇಲೆ ಬಿಟ್ಟಳು.

ಒಂದು ದಿನ ಅವಳು ಕೂಸಿಗೆ ಹಾಲೂಡಿಸುತ್ತಿದ್ದಾಗ, ಎಷ್ಟೋ ದಿನದಿಂದ ಕೊರೆಯುತ್ತಿದ್ದುದನ್ನು ಕೇಳಿಬಿಟ್ಟೆ.

"ಹೊಳೆಮ್ಮ, ನನಗ ಹಿಂದಿಲ್ಲ ಮುಂದಿಲ್ಲ. ನನ್ನ ಪಾಳಿ ಬಂದಾಗ ನಕ್ಷತ್ರ ಕೆಟ್ಟಿದ್ರ, ನನ್ನ ಎಲ್ಲಿಗೆ ಒಯ್ತೀರಿ?"

ಅವಳು ಕೂಸಿನಿಂದ ಕಣ್ಣು ತೆಗೆಯಲಿಲ್ಲ.

"ನಿಮ್ಮನ್ಯಾಕ ಒಯ್ಬೇಕು? ಇಲ್ಲೇ ಇರ್ರಿ. ಮೂರಕ್ಕೂ ಬೀಗ ಬಿದ್ರ ನಾವು ಎಲ್ಲೆರೆ ಹೋಗಿರ್ತೀವಿ. ಆರು ತಿಂಗಳೇನು ಭಾಳಲ್ಲ."