ಚಂದ್ರಿಯನ್ನು ಹೊದ್ದ ಹರಿಗೋಲು

ನಾನು ಒಂದು ಹರಿಗೋಲು. ಬುಟ್ಟಿಯ ಹಾಗೆ ದುಂಡಗಿದ್ದೇನೆ. ನನ್ನ ಮುಂದು ಯಾವುದು, ಹಿಂದು ಯಾವುದು ಎಂದು ನನಗೇ ಗೊತ್ತಿಲ್ಲ.

ತುಂಗಭದ್ರೆಯ ದಡದಲ್ಲಿ ಹುಲುಗಪ್ಪ ಬಿದಿರು ಸೀಳಿ, ದಬ್ಬೆ ಬಗ್ಗಿಸಿ ನನ್ನ ಎಲುಬು ಹೆಣೆದ. ತೊಗಲಿಗಾಗಿ ಹುಡುಕುತ್ತಿದ್ದಾಗಲೇ ಮನೆಯ ಎಮ್ಮೆ ಚಂದ್ರಿ ಮುಪ್ಪಿನಿಂದ ಸತ್ತಳು. ಅವಳು ಯಾರದೋ ಕಾಲಿಗೆ ಚಪ್ಪಲಿಯಾಗುವುದು ಬೇಡವೆಂದು, ಆ ತೊಗಲನ್ನೇ ನೆನೆಸಿ ನನ್ನ ಮೇಲೆಳೆದು, ಬಾರಿನಿಂದ ಹೊಲಿದು, ಎಣ್ಣೆ ತಿಕ್ಕಿದ. ಎಷ್ಟು ಬೈದರೂ ನಾಟದವರನ್ನು ಜನ ಎಮ್ಮೆ ಚರ್ಮದವರು ಅನ್ನುತ್ತಾರೆ. ನನ್ನನ್ನು ಹಾಗಂದರೆ ಅದು ಬೈಗುಳವಲ್ಲ, ಬರೀ ಪರಿಚಯ.

ಹದಿನಾರು ವರ್ಷ ಚಂದ್ರಿಯ ಹಾಲು ಹಿಂಡಿದ್ದ ಅವನ ಹೆಂಡತಿ ಯಂಕವ್ವ ನನ್ನನ್ನು ನೋಡಿ ಹಿಂದೆ ಸರಿದಳು.

"ಆಕೀನ ತುಳಕೊಂಡು ಹೊಳಿ ದಾಟ್ಲೇನು? ನಾ ಒಲ್ಲೆ."

"ಆಕಿ ಏನೂ ಅಂದಿಲ್ಲಲ್ಲ, ಕೇಳಿ ನೋಡು" ಎಂದು ಹುಲುಗಪ್ಪ ನಕ್ಕ.

ಶ್ರಾವಣದ ಒಂದು ಬೆಳಿಗ್ಗೆ ಆಚೆ ದಡದಿಂದ ಸುದ್ದಿ ಬಂತು: ಯಂಕವ್ವನ ತಾಯಿ ಸಂಜೆ ಕಾಣುವುದು ಕಷ್ಟ, ಮಗಳನ್ನೇ ಕನವರಿಸುತ್ತಿದ್ದಾಳೆ. ನನ್ನಲ್ಲಿ ಕೂತರೆ ಅರ್ಧ ತಾಸು. ಸೇತುವೆ ಸುತ್ತಿ ಹೋದರೆ ಎರಡು ಬಸ್ಸು, ಅರ್ಧ ದಿನ.

"ಕುಂದ್ರು ಯಂಕಿ, ಇವತ್ತೊಂದಿನ."

ಅವಳು ಒಂದು ಕಾಲು ಎತ್ತಿದಳು. ಆ ಕಾಲು ನನ್ನೊಳಗೆ ಇಳಿಯದೆ ಗಾಳಿಯಲ್ಲೇ ನಿಂತಿತು. ಹಿಂದಕ್ಕೆಳೆದುಕೊಂಡು ಬಸ್ಸಿನ ದಾರಿ ಹಿಡಿದಳು.

ಅವನೊಬ್ಬನೇ ದಾಟಿದ. ತೊಯ್ದ ಚರ್ಮ ಕೊಳೆಯದಿರಲೆಂದು ನನ್ನನ್ನು ಬೆನ್ನ ಮೇಲೆ ಹೊತ್ತು, ಅತ್ತೆಯ ಮನೆಯ ಕಿಟಕಿಯ ಕೆಳಗೆ ಒರಗಿಸಿದ. ಒಳಗಿನದೆಲ್ಲ ನನಗೆ ಕೇಳಿಸಿತು.

"ಯಂಕೀ, ಬಂದ್ಯೇನವ್ವಾ?" ಕಣ್ಣು ಕಾಣದ ಮುದುಕಿ ಕೇಳಿದಳು.

ಊರಿನವರ ದನಿಯನ್ನೆಲ್ಲ ಅಣಕಿಸಿ ನಗಿಸುತ್ತಿದ್ದ ಹುಲುಗಪ್ಪ, ಹೆಂಡತಿಯ ದನಿ ತೆಗೆದ. "ಬಂದೀನಿ ಬೇ ಯವ್ವಾ. ಬಾಯಿ ತೆಗಿ, ನೀರು ಹಾಕ್ತೀನಿ."

ಯಾರೂ ನಗಲಿಲ್ಲ. ಮುದುಕಿ ಎರಡು ಗುಟುಕು ಕುಡಿದಳು. ಮೂರನೆಯದು ಇಳಿಯಲಿಲ್ಲ.

ಯಂಕವ್ವ ಬಂದಾಗ ಹೊತ್ತು ಇಳಿದಿತ್ತು. ಅವನು ಏನನ್ನೂ ಮುಚ್ಚಿಡಲಿಲ್ಲ.

"ನನ್ನ ದನೀಲೆ?"

"ಹೂಂ."

"ಆಕಿ ನಂಬಿದ್ಲೇನು?"

"ನಂಬಿದ್ಲು."

ಅವಳು ಸೆರಗು ಬಾಯಿಗೊತ್ತಿಕೊಂಡು ನನ್ನ ಪಕ್ಕದಲ್ಲೇ ಕುಸಿದಳು. ಮಣ್ಣು ಮುಗಿಸಿ ಮರುದಿನ, ಯಾರೂ ಕರೆಯದೆ, ತಾನೇ ನನ್ನೊಳಗೆ ಬಂದು ಕೂತಳು.

ಈಗ ನನ್ನ ತೊಗಲು ಬಿರಿದಿದೆ. ಹೊಳೆಗೆ ಪ್ಲಾಸ್ಟಿಕ್ ಹೊದ್ದ ಹೊಸಬರು ಬಂದಿದ್ದಾರೆ. ನಾನು ಹಿತ್ತಲಲ್ಲಿ ಬೋರಲು ಬಿದ್ದು ಕೋಳಿಗಳನ್ನು ಸಾಕುತ್ತಿದ್ದೇನೆ. ನೂರಾರು ಜನರನ್ನು ದಾಟಿಸಿದ್ದೇನೆ. ನೆನಪಿಗೆ ಬರುವುದು ನನ್ನೊಳಗೆ ಇಳಿಯದ ಆ ಒಂದು ಕಾಲು.

ಕೆಲವು ಸಂಜೆ ಯಂಕವ್ವ ನನ್ನ ಬಳಿ ಕೂತು ಗಂಡನನ್ನು ಕೇಳುತ್ತಾಳೆ: "ನಾ ಅವ್ವಗ ಹೆಂಗಂದೆ? ಒಮ್ಮೆ ಅಂದು ತೋರಿಸು."

ಹುಲುಗಪ್ಪ ಬಾಯಿ ತೆರೆಯುತ್ತಾನೆ. ಅವನದೇ ಮುದಿ ದನಿ ಹೊರಡುತ್ತದೆ.